ಕತ್ತಲಗೆರೆಯ ಒತ್ತು: ಚುಕ್ಕೆ, ಗೆರೆ ಮತ್ತು ನಾಲಿಗೆ

ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ಸಾಮಾನ್ಯವಾಗಿ ಒಂದೇ ಟಿ ಹಾಕಿ ಪಕ್ಕದಲ್ಲಿ ಒಂದು ಎಚ್ ಸೇರಿಸುತ್ತಾರೆ. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದ ಹೆಸರೂ ಬಹಳ ಕಡೆ ಹೀಗೇ ಬರುತ್ತದೆ. ನ್ಯಾಮತಿಯ ತಿಕಾರಕ್ಕೂ ಅದೇ ಎಚ್. ಹೊನ್ನಾಳಿ, ಜಗಳೂರುಗಳ ಳಕಾರಕ್ಕೆ ಬರೀ ಎಲ್, ದಾವಣಗೆರೆಯ ಣಕಾರಕ್ಕೆ ಬರೀ ಎನ್. ಊರು ಗೊತ್ತಿರುವ ನಮಗೆ ಇದರಿಂದ ತೊಂದರೆಯಿಲ್ಲ, ಬಸ್ಸು ಹತ್ತಿ ಇಳಿದುಬಿಡುತ್ತೇವೆ. ಆದರೆ ಶಾಸನಪಾಠಗಳ ರೋಮನ್ ಲಿಪ್ಯಂತರ ಓದಿ ಪಳಗಿದ ಹೊರಗಿನವರೊಬ್ಬರ ಮುಂದೆ ಈ ಹೆಸರು ಇಟ್ಟು ನೋಡಿ. ಅವರ ಪದ್ಧತಿಯಲ್ಲಿ ಟಿ ಪಕ್ಕದ ಎಚ್ ಅಂದರೆ ಮಹಾಪ್ರಾಣ. ಅವರು ಓದುವುದು ‘ಕಥಲಗೆರೆ’ ಅಂತ. ಕತ್ತಲು ಹೋಗಿ ಕಥೆ ಬಂತು!

ಈ ಎಚ್ ದಡ್ಡತನದಿಂದ ಬಂದದ್ದಲ್ಲ. ಇಂಗ್ಲಿಷಿನ ಟಿ ಹೇಳುವಾಗ ನಾಲಿಗೆಯ ತುದಿ ಹಲ್ಲನ್ನು ಮುಟ್ಟುವುದಿಲ್ಲ, ಹಲ್ಲಿನ ಹಿಂದಿನ ವಸಡಿನ ದಿಣ್ಣೆಯನ್ನು ಮುಟ್ಟುತ್ತದೆ. ನಮ್ಮ ಕಿವಿ ಅದನ್ನು ಟಕಾರದ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಟಿ ಅಂದರೆ ಟ, ತಕಾರ ಬೇಕಿದ್ದರೆ ಎಚ್ ಸೇರಿಸು ಅಂತ ದಕ್ಷಿಣದ ಜನ ತಾವೇ ಒಂದು ಲೆಕ್ಕ ಮಾಡಿಕೊಂಡರು. ಅಂದರೆ ಕತ್ತಲಗೆರೆಯ ಎಚ್ ನಾಲಿಗೆಯ ಜಾಗವನ್ನು ಹೇಳುತ್ತಿದೆ: ಹಲ್ಲಿಗೆ ಬಾ ಎನ್ನುತ್ತಿದೆ. ಶಾಸನಪಾಠದ ಎಚ್ ಉಸಿರನ್ನು ಹೇಳುತ್ತದೆ: ಗಾಳಿ ಬಿಡು ಎನ್ನುತ್ತದೆ. ಅಕ್ಷರ ಒಂದೇ ಆದರೂ ಅಪ್ಪಣೆಗಳು ಎರಡು.

ಇದನ್ನು ಎತ್ತಿದ್ದಕ್ಕೆ ಕಾರಣವಿದೆ. ಶಾಸನಾಸಕ್ತರ ನಡುವೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ರೋಮನ್ ಅಕ್ಷರದ ಕೆಳಗಿನ ಚುಕ್ಕೆ, ಗೆರೆ, ಮೇಲಿನ ಪಟ್ಟಿ ಇವೆಲ್ಲ ಉಚ್ಚಾರಣೆಯ ನಕ್ಷೆ, ನಾಲಿಗೆ ಎಲ್ಲಿದೆ ಅಂತ ತೋರಿಸುವ ಚಿಹ್ನೆ ಅಂತ. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಈಗ ಯಾರೂ ಹಾಗೆ ಉಚ್ಚರಿಸಲ್ಲ, ಹಾಗಾಗಿ ೞ ಇದ್ದ ಕಡೆ ಳ ಹಾಕಿದರೂ ಆಯ್ತು. ಮೊದಲನೆಯ ಮಾತು ಅರ್ಧ ಸರಿ. ಎರಡನೆಯದು ಶಾಸನಕ್ಕೆ ಉಳಿ ಹಿಡಿದ ಹಾಗೆ.

ಮೊದಲನೆಯದನ್ನು ಪರೀಕ್ಷೆ ಮಾಡೋಣ. ನಾನು ಇಂಜಿನಿಯರ್. ಡ್ರಾಯಿಂಗ್ ಕೈಗೆ ಬಂದರೆ ಮೊದಲು ನೋಡುವುದು ಮೂಲೆಯ ಚಿಹ್ನೆಗಳ ಪಟ್ಟಿಯನ್ನು. ಒಂದು ಚಿಹ್ನೆಗೆ ಎರಡು ಅರ್ಥ ಇದ್ದರೆ ಆ ಡ್ರಾಯಿಂಗ್ ವಾಪಸ್ಸು ಹೋಗುತ್ತದೆ. ಈ ಕಣ್ಣಿನಿಂದ ಸಂಸ್ಕೃತ ಪಂಡಿತರ ರೋಮನ್ ಪದ್ಧತಿಯನ್ನು ನೋಡಿ. ಟಿ, ಡಿ, ಎನ್, ಎಸ್‌ಗಳ ಕೆಳಗೆ ಚುಕ್ಕೆ ಇಟ್ಟರೆ ಟ, ಡ, ಣ, ಷ. ಇಲ್ಲಿ ಚುಕ್ಕೆ ಅಂದರೆ ಮೂರ್ಧನ್ಯ, ನಾಲಿಗೆ ಹಿಂದಕ್ಕೆ ಮಡಚು. ಒಪ್ಪಿದೆ. ಅದೇ ಚುಕ್ಕೆ ಆರ್ ಕೆಳಗೆ ಬಂದರೆ ಋ. ಅಲ್ಲಿ ಅದು ‘ಇದು ಸ್ವರ’ ಎಂಬ ಸೂಚನೆ. ಎಂ ಕೆಳಗೆ ಬಂದರೆ ಅನುಸ್ವಾರ. ಅನುಸ್ವಾರಕ್ಕೆ ತನ್ನದೇ ಒಂದು ಸ್ಥಾನವೇ ಇಲ್ಲ, ಮುಂದೆ ಬರುವ ವ್ಯಂಜನದ ಜಾಗಕ್ಕೆ ಹೋಗಿ ಕೂರುತ್ತದೆ. ಎಚ್ ಕೆಳಗೆ ಬಂದರೆ ವಿಸರ್ಗ, ಅದರಲ್ಲಿ ನಾಲಿಗೆಗೆ ಕೆಲಸವೇ ಇಲ್ಲ. ಒಂದು ಚುಕ್ಕೆಗೆ ನಾಲ್ಕು ಅರ್ಥ. 2001ರಲ್ಲಿ ಬಂದ ಐಎಸ್‌ಒ 15919 ಮಾನಕ ಋಕಾರಕ್ಕೆ ಚುಕ್ಕೆ ಬಿಟ್ಟು ಉಂಗುರ ಕೊಟ್ಟಿತು, ಅನುಸ್ವಾರದ ಚುಕ್ಕೆಯನ್ನು ಮೇಲಕ್ಕೆ ಎತ್ತಿತು. ಒಳ್ಳೆಯದೇ. ಆದರೆ ಮೇಲೆ ಆಗಲೇ ಙಕಾರದ ಚುಕ್ಕೆ ಕೂತಿತ್ತು.

ಉಲ್ಟಾ ಕೂಡ ಇದೆ. ಚ, ಜ, ಞ, ಶ ನಾಲ್ಕೂ ತಾಲವ್ಯ, ನಾಲಿಗೆಗೆ ಒಂದೇ ಕಡೆ ಕೆಲಸ. ರೋಮನ್ನಿನಲ್ಲಿ ಚ, ಜಗಳಿಗೆ ಏನೂ ಇಲ್ಲ, ಞಕಾರದ ತಲೆಯ ಮೇಲೆ ಅಲೆ, ಶಕಾರದ ತಲೆಯ ಮೇಲೆ ಓರೆಗೀಟು. ಸ್ಥಾನ ಒಂದೇ, ಗುರುತು ಮೂರು ಥರ. ಇದನ್ನು ನಕ್ಷೆ ಅನ್ನೋದು ಹೇಗೆ?

ನಮ್ಮ ಶಾಸನಗಳ ಮಟ್ಟಿಗೆ ಎಲ್ಲಕ್ಕಿಂತ ದಾರಿ ತಪ್ಪಿಸುವುದು ಅಡಿಗೆರೆ. ಐಎಸ್‌ಒ ಪದ್ಧತಿಯಲ್ಲಿ ಳಕಾರಕ್ಕೆ ಎಲ್ ಕೆಳಗೆ ಚುಕ್ಕೆ, ೞಕಾರಕ್ಕೆ ಎಲ್ ಕೆಳಗೆ ಗೆರೆ, ಱಕಾರಕ್ಕೆ ಆರ್ ಕೆಳಗೆ ಗೆರೆ. ಮದರಾಸು ವಿಶ್ವವಿದ್ಯಾಲಯದ ತಮಿಳು ಲೆಕ್ಸಿಕನ್ ಕೂಡ ಇದೇ ಗೆರೆಗಳನ್ನು ಬಳಸುತ್ತದೆ, ಜೊತೆಗೆ ತಮಿಳಿನ ಎರಡನೆಯ ನಕಾರಕ್ಕೂ ಒಂದು ಗೆರೆ. ಈಗ ಲೆಕ್ಕ ಹಾಕಿ. ಱ ಮತ್ತು ಆ ನಕಾರ ಎರಡೂ ವಸಡಿನ ದಿಣ್ಣೆಯ ಅಕ್ಷರಗಳು. ಆದ್ದರಿಂದ ಗೆರೆ ಅಂದರೆ ವಸಡು, ಚುಕ್ಕೆ ಅಂದರೆ ಮೂರ್ಧ ಅಂತ ಹೊಸಬ ಅಂದುಕೊಂಡರೆ ಅವನದು ಸರಿಯಾದ ತರ್ಕವೇ. ಆದರೆ ೞ ಇದೆಯಲ್ಲ, ಅದು ನಾಲಿಗೆ ಚೆನ್ನಾಗಿ ಹಿಂದಕ್ಕೆ ಮಡಚಿ, ಎಲ್ಲಿಯೂ ತಾಗಿಸದೆ ಹೇಳುವ ಅಕ್ಷರ. ಪಕ್ಕಾ ಮೂರ್ಧನ್ಯ. ಎಲ್ ಕೆಳಗಿನ ಚುಕ್ಕೆಯ ಜಾಗವನ್ನು ಳ ಮೊದಲೇ ಹಿಡಿದಿದ್ದರಿಂದ ಇದಕ್ಕೆ ಗೆರೆ ಸಿಕ್ಕಿತು, ಅಷ್ಟೆ. ಸೀಟು ಖಾಲಿ ಇದ್ದ ಕಡೆ ಕೂತ ಪ್ರಯಾಣಿಕನ ಹಾಗೆ. ಕೇರಳದ ಬೋರ್ಡುಗಳಲ್ಲಿ ಅದೇ ಅಕ್ಷರಕ್ಕೆ ಝಡ್ ಮತ್ತು ಎಚ್ ಹಾಕುತ್ತಾರೆ, ನಮ್ಮವರು ಅದನ್ನು ನೋಡಿ ‘ಕೋಝಿಕೋಡ್’ ಅನ್ನುತ್ತಾರೆ. ಝಕಾರಕ್ಕೂ ಆ ಧ್ವನಿಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ನಾಲಿಗೆಯನ್ನು ನಿಜವಾಗಿ ಚಿತ್ರಿಸುವ ಬರಹವೇ ಇಲ್ಲವೆ? ಇದೆ. ಕೊರಿಯಾದ ದೊರೆ ಸೇಜೊಂಗ್ 1446ರಲ್ಲಿ ಹೊರತಂದ ಲಿಪಿಯಲ್ಲಿ ಕಕಾರದ ಗುರುತು ಗಂಟಲ ಕಡೆಗೆ ಏರಿದ ನಾಲಿಗೆಯ ಬುಡ, ನಕಾರದ್ದು ಮೇಲಕ್ಕೆ ತಾಗಿದ ನಾಲಿಗೆ, ಮಕಾರದ್ದು ಬಾಯಿ. ಇದನ್ನು ಆಗಿನ ಕೈಪಿಡಿಯೇ ವಿವರಿಸುತ್ತದೆ. 1867ರಲ್ಲಿ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ (ಟೆಲಿಫೋನಿನ ಗ್ರಹಾಂ ಬೆಲ್ ಅವರ ತಂದೆ) ‘ವಿಸಿಬಲ್ ಸ್ಪೀಚ್’ ಎಂಬ ಪುಸ್ತಕದಲ್ಲಿ ತುಟಿ, ನಾಲಿಗೆ, ಗಂಟಲುಗಳ ಆಕಾರದಿಂದಲೇ ಅಕ್ಷರ ಕಟ್ಟಿದರು. 1886ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಸಂಘದ ಅಂತರರಾಷ್ಟ್ರೀಯ ಧ್ವನಿಲಿಪಿ ಅಷ್ಟು ದೂರ ಹೋಗಲಿಲ್ಲ, ಆದರೆ ಅದರಲ್ಲೂ ಚಿತ್ರದ ಅಂಶ ಉಳಿದಿದೆ. ನಮ್ಮ ತಕಾರವನ್ನು ಬರೆಯಲು ಟಿ ಕೆಳಗೆ ಪುಟ್ಟ ಹಲ್ಲಿನ ಆಕಾರದ ಗುರುತು ಹಾಕುತ್ತಾರೆ. ಟಕಾರಕ್ಕೆ ಟಿ ಅಡಿಯಿಂದ ಒಂದು ಬಾಲ ಕೊಂಡಿಯಾಗಿ ಸುರುಳುತ್ತದೆ, ಮಡಚಿದ ನಾಲಿಗೆಯ ಹಾಗೆ. ಣ, ಳ, ಷಗಳಿಗೂ ಅದೇ ಬಾಲ. ೞಕಾರಕ್ಕೂ ಅದೇ ಬಾಲ, ತಲೆಕೆಳಗಾದ ಆರ್ ಮೇಲೆ. ಇಲ್ಲಿ ಒಂದು ಗುರುತಿಗೆ ಒಂದೇ ಅರ್ಥ. ಇಂಥ ಡ್ರಾಯಿಂಗ್ ನಾನು ಪಾಸ್ ಮಾಡುತ್ತೇನೆ.

ನಮ್ಮ ವರ್ಣಮಾಲೆಯ ವಿಷಯ ಸ್ವಲ್ಪ ಬೇರೆ. ಕ ಚ ಟ ತ ಪ ಎಂಬ ಸಾಲು ಗಂಟಲಿನಿಂದ ತುಟಿಗೆ ನಡೆದುಬರುವ ದಾರಿ. ಅಡ್ಡ ಸಾಲಿನಲ್ಲಿ ಉಸಿರು, ಘೋಷ, ಮೂಗು. ಸ್ಥಾನ ಮತ್ತು ಪ್ರಯತ್ನ ಎಂದು ಶಿಕ್ಷಾಗ್ರಂಥಗಳು ಬೇರೆ ಮಾಡಿದ್ದೇ ಇವನ್ನು. ಆದರೆ ಆ ಜ್ಞಾನ ಇರುವುದು ಅಕ್ಷರಗಳ ಕ್ರಮದಲ್ಲಿ, ಆಕಾರದಲ್ಲಿ ಅಲ್ಲ. ಆಕಾರದಲ್ಲಿ ಎಲ್ಲೋ ಅಲ್ಲಲ್ಲಿ ಇಣುಕುತ್ತದೆ. ದಕಾರದ ಹೊಟ್ಟೆ ಸೀಳಿದರೆ ಧ, ಡಕಾರದ್ದು ಸೀಳಿದರೆ ಢ, ಪಕಾರದ್ದು ಸೀಳಿದರೆ ಫ ಅಂತ ಮೇಷ್ಟ್ರು ಹೇಳಿಕೊಡುತ್ತಿದ್ದರಲ್ಲ, ಆ ಸೀಳು ಉಸಿರಿನ ಗುರುತು. ಅದನ್ನೇ ನಂಬಿ ಪಕಾರದ ಹೊಟ್ಟೆಯೊಳಗೆ ಗೀಟೆಳೆದ ಷಕಾರವನ್ನು ಓದಲು ಹೋದರೆ ತುಟಿಯಿಂದ ಮೂರ್ಧಕ್ಕೆ ಬಿದ್ದಿರುತ್ತೀರಿ. ಲಿಪಿಯಲ್ಲಿ ಇರುವ ಗೀಟು ಧ್ವನಿಗೆ ಸಾಕ್ಷಿಯಾಗಲೇಬೇಕು ಅಂತಿಲ್ಲ.

ಇಷ್ಟು ಬೈದ ಮೇಲೂ ಶಾಸನಪಾಠಕ್ಕೆ ನಾನು ಚುಕ್ಕೆ, ಗೆರೆಗಳ ಪದ್ಧತಿಯನ್ನೇ ಒಪ್ಪುತ್ತೇನೆ. ಯಾಕೆಂದರೆ ಅದರ ಕೆಲಸ ಬೇರೆ. 1788ರಲ್ಲಿ ವಿಲಿಯಂ ಜೋನ್ಸ್ ‘ಏಷಿಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿ ಏಷ್ಯಾದ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಬಗೆಯನ್ನು ಚರ್ಚಿಸಿದ ಕಾಲದಿಂದ, 1894ರ ಜಿನೀವಾ ಪ್ರಾಚ್ಯವಿದ್ಯಾ ಸಮ್ಮೇಳನದವರೆಗೆ, ಪಂಡಿತರಿಗೆ ಬೇಕಾಗಿದ್ದದ್ದು ರೋಮನ್ ನೋಡಿ ಮೂಲದ ಅಕ್ಷರವನ್ನು ತಪ್ಪಿಲ್ಲದೆ ಮರಳಿ ಬರೆಯಬಲ್ಲ ಪದ್ಧತಿ. ಹೋಗೋಕೂ ಬರೋಕೂ ಒಂದೇ ದಾರಿ ಇರಬೇಕು. ಚುಕ್ಕೆ ಹೇಳುವುದು ‘ಕಲ್ಲಿನ ಮೇಲೆ ಈ ಅಕ್ಷರ ಇತ್ತು’ ಅಂತ. ನಾಲಿಗೆ ಎಲ್ಲಿತ್ತು ಎಂಬುದು ಅದರ ಮೇಲೆ ನಾವು ಕಟ್ಟುವ ವಾದ. ಮೊದಲನೆಯದು ಅಳತೆ, ಎರಡನೆಯದು ತೀರ್ಮಾನ. ಅಳತೆ ಪುಸ್ತಕದಲ್ಲಿ ತೀರ್ಮಾನ ಬರೆಯಬಾರದು.

ಬರೆದರೆ ಏನಾಗುತ್ತದೆ ಅಂತ ಹಲ್ಮಿಡಿಯ ಒಂದೇ ಪದದಲ್ಲಿ ನೋಡಬಹುದು: ಬಾಳ್ಗೞ್ಚು. ಯುದ್ಧದಲ್ಲಿ ಗೆದ್ದ ವೀರನಿಗೆ, ಅವನ ಕತ್ತಿಯ ರಕ್ತ ತೊಳೆದ ಗೌರವವಾಗಿ ಕೊಡುವ ದತ್ತಿ. ಮೊದಲು ಬರುವುದು ಬಾಳ್, ಳಕಾರ, ಕತ್ತಿ. ಆಮೇಲೆ ಕೞ್ಚು, ೞಕಾರ, ತೊಳೆ. ಐದನೇ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಿರುವ ಈ ಕಲ್ಲಿನಲ್ಲಿ ಒಂದೇ ಪದದೊಳಗೆ ಎರಡೂ ಅಕ್ಷರ ತಮ್ಮ ತಮ್ಮ ಜಾಗದಲ್ಲಿ ಇವೆ. ರೋಮನ್ನಿನಲ್ಲಿ ಮೊದಲ ಎಲ್‌ಗೆ ಚುಕ್ಕೆ, ಎರಡನೆಯದಕ್ಕೆ ಗೆರೆ. ಈಗ ಚುಕ್ಕೆ, ಗೆರೆ ಎರಡನ್ನೂ ಅಳಿಸಿ. ಅಥವಾ ‘ಹೇಗೂ ಎರಡೂ ಳ ತಾನೆ’ ಅಂತ ಎರಡಕ್ಕೂ ಚುಕ್ಕೆ ಇಡಿ. ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ಈ ಎರಡರ ನಡುವಿನ ಗೋಡೆ ಬಿದ್ದುಹೋಯಿತು. ಅಳಿ ಅಂದರೆ ಪ್ರೀತಿ, ಅೞಿ ಅಂದರೆ ನಾಶ. ದತ್ತಿಯನ್ನು ಕೆಡಿಸಿದವನಿಗೆ ಶಾಪ ಹಾಕುವ ಸಾಲಿನಲ್ಲಿ ಬರುವ ಕ್ರಿಯಾಪದ ಈ ಎರಡನೆಯದು. ಱಕಾರದ್ದೂ ಇದೇ ಕಥೆ: ಕರೆ ಅಂದರೆ ಕೂಗು, ಕಱೆ ಅಂದರೆ ಹಾಲು ಹಿಂಡು.

ಅರ್ಥವನ್ನು ಸಂದರ್ಭದಿಂದ ಹಿಡಿಯಬಹುದು ಅನ್ನಿ. ಕಾಲವನ್ನು ಹಿಡಿಯೋಕೆ ಆಗಲ್ಲ. ತೇದಿ ಇಲ್ಲದ ವೀರಗಲ್ಲು ಸಿಕ್ಕಾಗ, ರಾಜನ ಹೆಸರೂ ಸವೆದುಹೋಗಿದ್ದಾಗ, ನಮ್ಮ ಕೈಯಲ್ಲಿ ಉಳಿಯುವುದು ಅಕ್ಷರದ ಆಕಾರ ಮತ್ತು ಕಾಗುಣಿತ. ೞ ಎಲ್ಲ ಕಡೆ ಸರಿಯಾಗಿ ಬಂದಿದೆಯೆ, ಕೆಲವು ಕಡೆ ಳ ಆಗಿದೆಯೆ, ಅಥವಾ ಬಾಳ್ ಎಂಬ ಕತ್ತಿಗೂ ೞ ಕೆತ್ತಿದ್ದಾರೆಯೆ? ಈ ಮೂರನೆಯದು ನನಗೆ ಬಹಳ ಇಷ್ಟ. ಬರೆದವನ ಬಾಯಲ್ಲಿ ಎರಡೂ ಒಂದಾಗಿವೆ, ಆದರೆ ಹಳೆಯ ಬರಹಕ್ಕೆ ಗೌರವ ಕೊಡಬೇಕು ಅಂತ ಅವನಿಗೆ ಗೊತ್ತು. ಆ ಗೌರವ ತಪ್ಪು ಜಾಗಕ್ಕೆ ಹೋಗಿ ಕೂತಿದೆ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕ್ಷಳ, ಕುಳ, ರಳ ಅಂತ ಬೇರೆ ಮಾಡಿ ಪದಗಳ ಪಟ್ಟಿ ಕೊಡಬೇಕಾಗಿ ಬಂದದ್ದೇ ಇದಕ್ಕೆ ದೊಡ್ಡ ಪುರಾವೆ. ಬಾಯಲ್ಲಿ ಇರುವುದಕ್ಕೆ ಯಾರೂ ಪಟ್ಟಿ ಮಾಡುವುದಿಲ್ಲ.

ಎ.ಎನ್. ನರಸಿಂಹಯ್ಯನವರು 1941ರಲ್ಲಿ ಅತ್ಯಂತ ಹಳೆಯ ಕನ್ನಡ ಶಾಸನಗಳ ವ್ಯಾಕರಣವನ್ನೂ, ಜಿ.ಎಸ್. ಗಾಯಿಯವರು 1946ರಲ್ಲಿ 8, 9, 10ನೇ ಶತಮಾನದ ಶಾಸನಗಳನ್ನು ಆಧರಿಸಿ ಹಳಗನ್ನಡದ ಚಾರಿತ್ರಿಕ ವ್ಯಾಕರಣವನ್ನೂ ಪ್ರಕಟಿಸಿದರು. ಅವರ ಮುಂದಿದ್ದ ಪಾಠಗಳಲ್ಲಿ ಯಾರಾದರೂ ‘ಓದುಗರಿಗೆ ಸುಲಭವಾಗಲಿ’ ಅಂತ ೞಕಾರವನ್ನು ತಿದ್ದಿಟ್ಟಿದ್ದರೆ ಆ ಎರಡು ಪುಸ್ತಕಗಳ ಧ್ವನಿವಿಚಾರದ ಅಧ್ಯಾಯಗಳು ಹುಟ್ಟುತ್ತಲೇ ಇರಲಿಲ್ಲ.

ಈಗ ಕತ್ತಲಗೆರೆಯ ಹೆಸರನ್ನೇ ಬಿಡಿಸೋಣ. ಮೊದಲ ಭಾಗವನ್ನು ಕತ್ತಲೆ ಎಂದು ಹಿಡಿದರೆ, ಹಳಗನ್ನಡದಲ್ಲಿ ಅದು ಕೞ್ತಲೆ. ಎರಡನೆಯದು ಕೆಱೆ. ಅಂದರೆ ನಾವು ಕಳೆದುಕೊಂಡ ಎರಡು ಅಕ್ಷರಗಳೂ ಈ ಒಂದು ಊರಿನ ಹೆಸರಿನೊಳಗೆ ಇವೆ. ಱ ಸದ್ದಿಲ್ಲದೆ ರಕಾರದಲ್ಲಿ ಸೇರಿಹೋಯಿತು. ೞ ಹೋದ ದಾರಿ ಮಾತ್ರ ನೋಡಬೇಕಾದ್ದು. ಕೞ್ತಲೆ, ಕರ್ತಲೆ, ಕತ್ತಲೆ. ಮೂರನ್ನೂ ನಿಧಾನವಾಗಿ ಹೇಳಿ, ನಾಲಿಗೆಯ ತುದಿ ಎಲ್ಲಿದೆ ಅಂತ ಗಮನಿಸಿ. (ೞ ಹೇಳೋಕೆ ಬರದಿದ್ದರೆ ತಮಿಳು ಸ್ನೇಹಿತರನ್ನು ಅವರ ಭಾಷೆಯ ಹೆಸರು ಹೇಳಿಸಿ ಕೇಳಿ. ನನಗೆ ಕಲಿಸಿದ್ದು ಆಫೀಸಿನ ಸಹೋದ್ಯೋಗಿಯೊಬ್ಬರು, ಊಟದ ಹೊತ್ತಿನಲ್ಲಿ, ಒಂದು ವಾರ.) ಮೊದಲನೆಯದರಲ್ಲಿ ನಾಲಿಗೆ ಹಿಂದೆ ಮಡಚಿಕೊಂಡಿದೆ, ತಕ್ಷಣ ಹಲ್ಲಿಗೆ ಹಾರಬೇಕು. ಕಷ್ಟ. ಎರಡನೆಯದರಲ್ಲಿ ಮಡಿಕೆ ಬಿಚ್ಚಿ ವಸಡಿನ ದಿಣ್ಣೆಗೆ ಬಂದಿದೆ, ಹಲ್ಲು ಹತ್ತಿರವಾಯಿತು. ಮೂರನೆಯದರಲ್ಲಿ ಮೊದಲೇ ಹೋಗಿ ಹಲ್ಲಿನ ಮೇಲೆ ಕೂತು ಕಾಯುತ್ತಿದೆ. ಮೂರ್ಧ, ವಸಡು, ಹಲ್ಲು. ಹೊಲದ ಬದುವಿನ ಮೇಲೆ ಅಡ್ಡದಾರಿ ಬೀಳುವ ಹಾಗೆ, ನಾಲಿಗೆ ತನಗೆ ಹತ್ತಿರದ ದಾರಿ ಮಾಡಿಕೊಂಡಿದೆ.

ಭದ್ರಾ ನೀರು ಹರಿಯುವ ಈ ಸೀಮೆಯಲ್ಲಿ ದಿನಾ ಬಾಯಿಗೆ ಬರುವ ಗದ್ದೆಯೂ ಇದೇ ದಾರಿಯಲ್ಲಿ ಬಂದದ್ದು: ಗೞ್ದೆ, ಗರ್ದೆ, ಗದ್ದೆ. ಎರಡು ಸ್ವರಗಳ ನಡುವೆ ಸಿಕ್ಕ ೞಕಾರಕ್ಕೆ ಈ ಅವಸರ ಇರಲಿಲ್ಲ, ಅದು ಹತ್ತಿರದ ಳಕಾರಕ್ಕೆ ಸರಿಯಿತು: ಮೞೆ ಹೋಗಿ ಮಳೆ. ಹಾಗಂತ ಕಂಡ ತ್ತಕಾರಕ್ಕೆಲ್ಲ ೞ ಹುಡುಕಬಾರದು. ಹುತ್ತದ ತ್ತ ಬೇರೆ ಮನೆಯದು, ತಮಿಳಿನಲ್ಲಿ ಅದೇ ಪದಕ್ಕೆ ಇಂದಿಗೂ ಜೋಡಿ ಱ ಇದೆ. ಅಲ್ಲಿ ನಾಲಿಗೆ ವಸಡಿನಿಂದ ಹೊರಟು ಹಲ್ಲಿಗೆ ಬಂದಿದೆ.

ಹಾಗಾದರೆ ಕತ್ತಲಗೆರೆಯಲ್ಲಿ ೞಕಾರದ ಗುರುತು ಏನು ಉಳಿದಿದೆ? ತಕಾರದ ಕೆಳಗಿನ ಆ ಒತ್ತು. ೞ ಬಿದ್ದ ಜಾಗದಲ್ಲಿ ನಿಂತ ವೀರಗಲ್ಲು ಅದು. ಇಂಗ್ಲಿಷ್ ಬರಹದಲ್ಲಿ ಒಂದು ಟಿ ತೆಗೆದು ಎಚ್ ಹಾಕಿದಾಗ ಹೋಗಿದ್ದು ಇದೇ. ನಾಲಿಗೆಯ ಸ್ಥಾನ ಸರಿಯಾಗಿ ಹೇಳಬೇಕು ಅಂತ ಸೇರಿಸಿದ ಎಚ್, ಪದದ ಚರಿತ್ರೆ ಹೇಳುವ ಅಕ್ಷರವನ್ನು ಹೊರಗೆ ತಳ್ಳಿತು. ಉಚ್ಚಾರಣೆ ತೋರಿಸುತ್ತೇನೆ ಅಂತ ಹೊರಟ ಬರಹಗಳಲ್ಲಿ ಈ ಅಪಾಯ ಯಾವಾಗಲೂ ಇರುತ್ತದೆ.

ಹಾಗಿದ್ದರೆ ಎಲ್ಲವನ್ನೂ ಧ್ವನಿಲಿಪಿಯಲ್ಲೇ ಬರೆಯೋಣ, ಅದರಲ್ಲಿ ಒತ್ತೂ ಸ್ಥಾನವೂ ಎರಡೂ ಬರುತ್ತವಲ್ಲ ಎಂದು ಕೆಲವರು ಕೇಳಬಹುದು. ಹಲ್ಮಿಡಿಯವರ ಮಾತನ್ನು ಯಾರೂ ಧ್ವನಿಮುದ್ರಣ ಮಾಡಿಟ್ಟಿಲ್ಲ. ಕಲ್ಲಿನಲ್ಲಿ ಱ ಇದೆ ಎಂಬುದು ಕಣ್ಣಿಗೆ ಕಾಣುವ ವಿಷಯ. ಅದು ಕಂಪಿಸುತ್ತಿತ್ತೆ, ಒಂದೇ ಏಟಿಗೆ ಬಡಿಯುತ್ತಿತ್ತೆ ಎಂಬುದು ತಮಿಳು, ಮಲಯಾಳಗಳ ಜೊತೆ ಹೋಲಿಸಿ ಕಟ್ಟುವ ವಾದ. ಬದುಕಿರುವ ಭಾಷೆಗಳ ಮಟ್ಟಿಗೂ ಧ್ವನಿಲಿಪಿ ಒಂದು ಹಂತದವರೆಗೆ ಮಾತ್ರ. ಪೀಟರ್ ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ 1983ರಲ್ಲಿ ಎಕ್ಸ್‌ರೇ ಹಿಡಿದು ಮೂರ್ಧನ್ಯಗಳನ್ನು ನೋಡಿದರು. ಹಿಂದಿಯ ಟಕಾರದಲ್ಲಿ ನಾಲಿಗೆಯ ತುದಿ ಮೇಲಕ್ಕೆ ತಾಗುತ್ತದೆ. ತೆಲುಗು, ತಮಿಳುಗಳಲ್ಲಿ ನಾಲಿಗೆ ಇನ್ನೂ ಹಿಂದಕ್ಕೆ ಮಡಚಿ ಅದರ ತಳಭಾಗವೇ ತಾಗುತ್ತದೆ. ಚಾರ್ಟಿನಲ್ಲಿ ಎರಡಕ್ಕೂ ಅದೇ ಬಾಲದ ಟಿ. ಬಾಲ ಎಷ್ಟು ಸುರುಳಬೇಕು ಅಂತ ಅಳತೆ ಅದರಲ್ಲಿಲ್ಲ.

ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳು ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ (1902) ಇವೆ. ಆಗ ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರಿನವು 11ನೇ ಸಂಪುಟದಲ್ಲಿ. ಅದೇ ಪಾಠ ಕನ್ನಡ ಲಿಪಿಯಲ್ಲೂ ಇದೆ, ರೋಮನ್ನಿನಲ್ಲೂ ಇದೆ, ಜೊತೆಗೆ ಅನುವಾದ. ಸ್ಕ್ಯಾನ್ ಪ್ರತಿಯಿಂದ ರೋಮನ್ ಪಾಠವನ್ನು ನಕಲು ಮಾಡುವುದು ಸುಲಭ ಅಂತ ನಮ್ಮಲ್ಲಿ ಬಹಳ ಜನ ಅದನ್ನೇ ಎತ್ತಿ ಹಾಕುತ್ತಾರೆ. ಅಕ್ಷರ ಗುರುತಿಸುವ ಸಾಫ್ಟ್‌ವೇರ್ ಮೊದಲು ನುಂಗುವುದೇ ಚುಕ್ಕೆಗಳನ್ನು. ಅಲ್ಲಿಂದ ಅದು ವಾಟ್ಸಾಪಿಗೆ, ಅಲ್ಲಿಂದ ಯಾರೋ ಮರಳಿ ಕನ್ನಡಕ್ಕೆ. ಹೀಗೆ ಸುತ್ತಿ ಬಂದ ಪಾಠದಲ್ಲಿ ೞಕಾರ ಇಲ್ಲ ಅಂತ ಯಾರಾದರೂ ಕಲ್ಲಿಗೆ ಒಂದೆರಡು ಶತಮಾನ ಈಚಿನ ಕಾಲ ಕಟ್ಟಿದರೆ ಆ ಸೋಲು ಕಲ್ಲಿನದಲ್ಲ. ನಾನು ಕನ್ನಡ ಲಿಪಿಯ ಪಾಠದಿಂದಲೇ ಹೊರಡುತ್ತೇನೆ. ರೋಮನ್ ಬೇಕಾದರೆ ಚುಕ್ಕೆ, ಗೆರೆ ಒಂದನ್ನೂ ಬಿಡದೆ ಐಎಸ್‌ಒ ಪ್ರಕಾರ. ನಾಲಿಗೆಯ ವಿಷಯ ಮಾತಾಡುವಾಗ ಮಾತ್ರ ಧ್ವನಿಲಿಪಿ, ಅದೂ ಚೌಕ ಕಂಸದೊಳಗೆ, ಪಾಠದಿಂದ ಬೇರೆಯಾಗಿ.

ಕನ್ನಡದಲ್ಲಿ ೞ ಟೈಪ್ ಮಾಡೋದು ಹೇಗೆ ಅಂತ ಕೇಳುವವರಿಗೆ ಒಂದು ತಮಾಷೆಯ ವಿಷಯ. ಯೂನಿಕೋಡ್ ಪಟ್ಟ್ಯಲ್ಲಿ ಸೊನ್ನೆ-ಸಿ-ಡಿ-ಇ ಎಂಬ ಜಾಗದಲ್ಲಿ ಈ ಅಕ್ಷರ ಇದೆ, ಆದರೆ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫಾ’, ಇಂಗ್ಲಿಷಿನ ಎಫ್ ಹಾಕಿ. ನಾಲಿಗೆ ಹಿಂದಕ್ಕೆ ಮಡಚಿ ಹೇಳುವ ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸುವ ಧ್ವನಿಯ ಹೆಸರು! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ನಿಯಮ, ಹಾಗಾಗಿ ಪಕ್ಕದಲ್ಲಿ ಮೂರು ಎಲ್ ಇರುವ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ. ಹೆಸರು ಏನೇ ಇರಲಿ, ಪರದೆಯ ಮೇಲೆ ಮೂಡುವುದು ಸರಿಯಾದ ಅಕ್ಷರವೇ. ಎಲ್ಲಿಂದಾದರೂ ಒಮ್ಮೆ ನಕಲು ಮಾಡಿ ಫೋನಿನಲ್ಲಿ ಇಟ್ಟುಕೊಂಡರೂ ಸಾಕು. ಟೈಪ್ ಮಾಡೋಕೆ ಬರಲ್ಲ ಅಂತ ಳ ಹಾಕುವುದಕ್ಕೆ ಈಗ ಕಾರಣ ಉಳಿದಿಲ್ಲ.